ಹೋಗುವ ದಾರಿಯ ಅಗಲ

ಮಾರ್ಚ್ ೪

ಅಪ್ಪನಿಗೆ,

ಇಲ್ಲಿ ನಾನೂ ಇವರೂ ಗಟ್ಟಿಮುಟ್ಟಾಗಿದ್ದೇವೆ. ಕಾಯಿಲೆ ಬಿದ್ದಿರುವುದು ನಮ್ಮ ಆಫೀಸಿನ ಇಂಟರ್ನೆಟ್ಟು ಮಾತ್ರ.

ಲೈನಿಗೆ ಭಾರ ಹೆಚ್ಚಾಯಿತೆಂದು ಆಫೀಸಿನ ಯಜಮಾನರು ನಮ್ಮ ಸ್ವಂತದ ವಿಡಿಯೋ ಕರೆಗಳನ್ನೆಲ್ಲ ನಿಲ್ಲಿಸಿಬಿಟ್ಟಿದ್ದಾರೆ. ಭಾನುವಾರ ಆಫೀಸಿನ ದೊಡ್ಡ ಪರದೆಯ ಮುಂದೆ ಕೂತು ನಿನ್ನ ಜೊತೆ ಕೈಯಲ್ಲಿ ಮಾತಾಡುತ್ತಿದ್ದ ನನ್ನ ಸುಖಕ್ಕೆ ಕಲ್ಲು ಬಿತ್ತು. ಮನೆಯಲ್ಲಿ ಸಿಗ್ನಲ್ಲು ಕಿಟಕಿಯ ತನಕ ಬಂದು ಒಳಗೆ ಬರಲು ನಾಚಿಕೊಳ್ಳುತ್ತದೆ. ಮೊಬೈಲಿನಲ್ಲಿ ಅಕ್ಷರ ಕುಟ್ಟುವುದು ನಿನಗೆ ಸುತರಾಂ ಆಗದು. ಆಯುಷ್ಯವಿಡೀ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸಿದವನಿಗೆ ಅದು ಬರವಣಿಗೆಯೇ ಅಲ್ಲ. ಆದ್ದರಿಂದ ಈ ಕಾಗದ.

ನಮ್ಮ ಕೆಲಸ ನಿನಗೆ ಗೊತ್ತಿದ್ದದ್ದೇ. ಆಸ್ಪತ್ರೆಯಲ್ಲಿ ಕಿವುಡರೊಬ್ಬರು ಡಾಕ್ಟರ ಮುಂದೆ ಕೂತಾಗ ಅಲ್ಲಿಂದ ನಮಗೆ ವಿಡಿಯೋ ಕರೆ ಬರುತ್ತದೆ. ನಮ್ಮ ದುಭಾಷಿ ಡಾಕ್ಟರ ಮಾತನ್ನು ಕೇಳಿ ಸನ್ನೆಯಲ್ಲಿ ಹೇಳಬೇಕು, ರೋಗಿಯ ಸನ್ನೆ ನೋಡಿ ಬಾಯಲ್ಲಿ ಹೇಳಬೇಕು. ದುಭಾಷಿಗಳು ಐದೂ ಜನ ಕೂತಿರುವುದು ಅವರವರ ಮನೆಯಲ್ಲಿ. ಅವರಲ್ಲಿ ಅವಳಿಗಳ ಅಮ್ಮನಿಗೆ ಮಕ್ಕಳನ್ನು ಬಿಟ್ಟು ಬರುವಂತಿಲ್ಲ. ಕಿವುಡರ ಶಾಲೆಯಿಂದ ನಿವೃತ್ತರಾದ ನಮ್ಮ ಮೇಷ್ಟ್ರಿಗೆ ಮೆಟ್ಟಿಲು ಹತ್ತಲು ಆಗದು. ಆದರೆ ರೋಗಿಗಳ ವಿಷಯ ಗುಟ್ಟಾಗಿರಬೇಕೆಂದು ಪ್ರತಿ ಕರೆಯೂ ಮೊದಲು ನಮ್ಮ ಆಫೀಸಿನ ಯಂತ್ರಕ್ಕೆ ಬಂದು, ಅಲ್ಲಿಂದ ಅವರ ಮನೆಗೆ ಹೋಗಿ, ಅದೇ ದಾರಿಯಲ್ಲಿ ವಾಪಸ್ಸು ಬರಬೇಕು. ಆ ದಾರಿಯೇ ಈಗ ಕಟ್ಟಿಕೊಂಡಿದೆ. ಚಿತ್ರ ನಿಂತುಬಿಡುತ್ತದೆ, ಕೈ ಗಾಳಿಯಲ್ಲೇ ಉಳಿಯುತ್ತದೆ.

ಆಸ್ಪತ್ರೆಯವರು ಬರೆದಿದ್ದಾರೆ: ಜೂನ್ ಮುಗಿಯುವುದರೊಳಗೆ ಸರಿಹೋಗದಿದ್ದರೆ ಒಪ್ಪಂದ ಬೇಡ. ಯಜಮಾನರು ಅದಕ್ಕೆ ‘ಎಲ್ರನ್ನೂ ಆಫೀಸಿಗೇ ಕರೆಸಿಬಿಡಿ, ತಾಪತ್ರಯ ತಪ್ಪುತ್ತೆ’ ಎಂದರು. ಅವರಿಗೆ ತಪ್ಪುವ ತಾಪತ್ರಯ ಅವಳಿಗಳ ಅಮ್ಮನ ಮತ್ತು ಮೇಷ್ಟ್ರ ಅನ್ನ. ನಾನು ಬಿಡುವುದಿಲ್ಲ. ಹೊಸ ಲೈನ್ ಹುಡುಕುವ ಕೆಲಸ ನನ್ನ ಮೇಲೆ ಹಾಕಿಕೊಂಡಿದ್ದೇನೆ.

ಇನ್ನೊಂದು. ಆ ಕೊನೆಯ ಭಾನುವಾರ ನಾನು ಆ ದೊಡ್ಡ ವಿಷಯ ಹೇಳಿದಾಗ ನೀನು ಹೂಂ ಎಂದು ತಲೆಯಾಡಿಸಿ ನಕ್ಕೆಯಲ್ಲ, ನನಗೆ ಆನೆಬಲ ಬಂತು. ಮರುದಿನವೇ ಇಬ್ಬರೂ ಹೋಗಿ ಸಹಿ ಹಾಕಿ ಬಂದೆವು. ಅದನ್ನು ಕಾಗದದಲ್ಲಿ ಬರೆಯುವುದಿಲ್ಲ. ಕೈಯಲ್ಲಿ ಆಡಿದ ಮಾತು ಕೈಯಲ್ಲೇ ಇರಲಿ.

ನಿನ್ನ ಮಗಳು

ಮಾರ್ಚ್ ೧೫

ಕಿವಿಗೆ,

ನಾನು ನಿನಗಿಟ್ಟ ಸನ್ನೆಯ ಹೆಸರು ಕಾಗದದ ಮೇಲೆ ಎಷ್ಟು ಬೋಳಾಗಿ ಕಾಣುತ್ತದೆ ನೋಡು. ಕಿವಿಯ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ತೋರಿಸಿದರೆ ಅದರಲ್ಲಿ ಒಂದು ಮುದ್ದಿದೆ. ಕಿವುಡರ ಸಂಘದಲ್ಲಿ ಹೊಸದಾಗಿ ಸೇರಿದವರು ಈಗಲೂ ಯಾಕೆ ಆ ಹೆಸರು ಎಂದು ಕೇಳುತ್ತಾರೆ. ಅಪ್ಪ ಕಿವುಡ, ಅಮ್ಮ ಕಿವುಡಿ, ತೊಟ್ಟಿಲಲ್ಲಿದ್ದವಳು ಪಾತ್ರೆ ಬಿದ್ದರೆ ಬೆಚ್ಚುತ್ತಿದ್ದಳು, ಇನ್ನೇನು ಇಡಲಿ ಎನ್ನುತ್ತೇನೆ.

ನಾನು ಚೆನ್ನಾಗಿದ್ದೇನೆ. ಮಂಡಿ ನೋವು ಅದರ ಪಾಡಿಗೆ ಅದಿದೆ. ಸಂಜೆ ಸಂಘದಲ್ಲಿ ಕೇರಂ. ನನ್ನ ಜೊತೆಗಾರ, ಅದೇ ಆ ಬೈಂಡರ್, ಗೋಂದು, ಆಟದಲ್ಲೂ ಅಂಟಿಕೊಂಡೇ ಕೂರುತ್ತಾನೆ, ಸೋತರೂ ಏಳುವುದಿಲ್ಲ.

ಲೈನ್ ಮಾರುವವರ ವಿಷಯದಲ್ಲಿ ಹುಷಾರು. ಮಾರುವವರ ಬಾಯಿ ನನಗೆ ಕೇಳಿಸದಿರುವುದು ನನ್ನ ಪುಣ್ಯ; ನಿನಗೆ ಆ ಪುಣ್ಯ ಇಲ್ಲ. ಯಜಮಾನನಿಗೆ ಹೆದರಬೇಡ. ಮೇಷ್ಟ್ರನ್ನು ಬಿಟ್ಟುಕೊಡಬೇಡ. ಅಂಥ ಕೈ ಈಗ ಯಾರಿಗಿದೆ? ಅವರು ‘ಮಳೆ’ ಎಂದು ಸನ್ನೆ ಮಾಡಿದರೆ ನೋಡುವವನು ಕೊಡೆ ಹುಡುಕುತ್ತಾನೆ.

ನೀನು ಬರೆದ ದೊಡ್ಡ ವಿಷಯ ಹಾಗೇ ಆಗಲಿ. ಸಹಿ ಹಾಕಿದ್ದು ಒಳ್ಳೆಯದೇ ಆಯಿತು. ಮುಂದಿನದನ್ನೂ ಹುಷಾರಾಗಿ ಮಾಡಿ.

ನಿನ್ನ ಅಪ್ಪ

ಏಪ್ರಿಲ್ ೬

ಅಪ್ಪನಿಗೆ,

ಉತ್ತರ ತಡವಾಯಿತು, ಬಯ್ಯಬೇಡ. ತಿಂಗಳಿಡೀ ನನ್ನ ಮೇಜಿನ ಮುಂದೆ ಲೈನ್ ಮಾರುವವರ ಸಾಲು. ಕೊನೆಗೆ ಇಬ್ಬರು ಉಳಿದರು.

ಮೊದಲನೆಯವನು ಟೈ ಕಟ್ಟಿಕೊಂಡು ಬಂದ. ಅವನ ಕಾಗದದಲ್ಲಿ ವೇಗದ ಅಂಕಿ ಎಷ್ಟು ದೊಡ್ಡದೆಂದರೆ ಯಜಮಾನರು ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಹಳೆಯ ಕಂಬದ ಮೇಲೆಯೇ ತಂತಿ ಎಳೆಯುತ್ತಾನಂತೆ, ಒಂದು ದಿನದ ಕೆಲಸ. ಎರಡನೆಯವಳು ಮಾತು ಕಡಿಮೆಯ ಹೆಂಗಸು. ಅವಳ ಅಂಕಿ ಸಣ್ಣದು, ದರ ಜಾಸ್ತಿ, ಜೊತೆಗೆ ನಮ್ಮ ಕಟ್ಟಡದ ಮುಂದಿನ ಫುಟ್‌ಪಾತ್ ಅಗೆಯಬೇಕು. ‘ನಮ್ಮ ಲೈನಲ್ಲಿ ಬರೋದೂ ಹೋಗೋದೂ ಒಂದೇ ವೇಗ ಮೇಡಂ’ ಎಂದಳು. ಅದರಲ್ಲಿ ಏನು ದೊಡ್ಡಸ್ತಿಕೆ ಎಂದು ನನಗೆ ಆಗ ಅನ್ನಿಸಲಿಲ್ಲ.

ಟೈಯವನು ಪರೀಕ್ಷೆಗೆಂದು ತನ್ನ ಪೆಟ್ಟಿಗೆ ತಂದು ಜೋಡಿಸಿದ. ನಾನು ಅವಳಿಗಳ ಅಮ್ಮನಿಗೆ ಕರೆ ಮಾಡಿದೆ.

‘ಕೇಳಿಸ್ತಾ ಇದೆಯಾ?’

‘ಗಂಟೆ ಹೊಡೆದ ಹಾಗೆ ಕೇಳಿಸ್ತಿದೆ ಅಕ್ಕ. ಮಕ್ಕಳ ಗಲಾಟೆ ನಿಮಗೂ ಕೇಳಿಸ್ತಿರಬೇಕಲ್ಲ?’

ಕೇಳಿಸಿತು. ಆಮೇಲೆ ಮೇಷ್ಟ್ರು, ಆಮೇಲೆ ಉಳಿದ ಮೂವರು, ಒಬ್ಬೊಬ್ಬರಾಗಿ. ಎಲ್ಲರೂ ಸ್ಪಷ್ಟ ಎಂದರು. ಟೈಯವನು ಗೆದ್ದವನ ಹಾಗೆ ಟೈ ಸಡಿಲಿಸಿದ. ಒಂದು ತಿಂಗಳು ಪ್ರಯೋಗಕ್ಕೆ ಅವನ ಲೈನನ್ನೇ ಹಾಕಿಸಿದ್ದೇವೆ. ಯಜಮಾನರು ಖುಷಿ, ನಾನೂ ಖುಷಿ. ಲೈನ್ ನೆಲೆ ನಿಂತ ಮೇಲೆ ಭಾನುವಾರದ ಕರೆಗೂ ಒಪ್ಪಿಸುತ್ತೇನೆ.

ನೀನು ‘ಹುಷಾರಾಗಿ ಮಾಡಿ’ ಎಂದಷ್ಟೇ ಬರೆದದ್ದು ಯಾಕೋ ಸಪ್ಪೆ ಅನ್ನಿಸಿತು. ಇರಲಿ, ನೀನು ಕಾಗದದಲ್ಲಿ ಯಾವಾಗಲೂ ಬಿಗಿ. ಹಿಂದಿನ ಕೋಣೆಗೆ ಬಣ್ಣ ಹೊಡೆಸುತ್ತಿದ್ದೇವೆ. ಇವರು ಹಳದಿ ಎನ್ನುತ್ತಾರೆ, ನಾನು ತಿಳಿಹಸಿರು. ಕಿಟಕಿಗೆ ಸರಳು ಹಾಕಿಸಿಯಾಯಿತು.

ನಿನ್ನ ಮಗಳು

ಏಪ್ರಿಲ್ ೧೯

ಕಿವಿಗೆ,

ಲೈನ್ ಸರಿಹೋಯಿತಲ್ಲ, ಸಂತೋಷ. ಗೋಂದಿಗೆ ಹೇಳಿದೆ. ಅವನು ‘ನಿನ್ನ ಮಗಳು ಹಿಡಿದ ಕೆಲಸ ಬಿಡೋಳಲ್ಲ’ ಎಂದು ಎದೆ ತಟ್ಟಿ ತೋರಿಸಿದ, ನಾನೇನೋ ಹಿಡಿದ ಕೆಲಸ ಬಿಡುವವನು ಎನ್ನುವ ಹಾಗೆ.

ಕೋಣೆಗೆ ಬಣ್ಣ ಹೊಡೆಸಿದ್ದು ಒಳ್ಳೆಯದು. ತಿಳಿಹಸಿರೇ ಇರಲಿ, ಹಳದಿ ಬೇಗ ಕೊಳೆಯಾಗುತ್ತದೆ. ಬಾಡಿಗೆಗೆ ಕೊಡುವಾಗ ಮಾತ್ರ ಜನ ನೋಡಿ ಕೊಡಿ. ಮುಂಗಡ ಕೈಗೆ ಬರದೆ ಬೀಗದ ಕೈ ಕೊಡಬೇಡಿ. ಸಹಿ ಹಾಕಿದ ಕಾಗದದ ಒಂದು ಪ್ರತಿ ನಿಮ್ಮ ಹತ್ತಿರ ಇರಲಿ.

ನಿನ್ನ ಅಪ್ಪ

ಮೇ ೮

ಅಪ್ಪನಿಗೆ,

ಬಾಡಿಗೆಗೆ?

ನಿನ್ನ ಕಾಗದ ಬಂದು ಎರಡು ವಾರವಾಯಿತು. ಮೊದಲ ಸಲ ಓದಿದಾಗ ನಿನ್ನ ಎಂದಿನ ತಮಾಷೆ ಎಂದುಕೊಂಡು ನಕ್ಕೆ. ಆಮೇಲೆ ನಡೆದದ್ದನ್ನು ಹೇಳುತ್ತೇನೆ, ಕೇಳು.

ನಮ್ಮ ಆಸ್ಪತ್ರೆಗೆ ಬರುವವರಲ್ಲಿ ಒಬ್ಬ ದರ್ಜಿ ಹೆಂಗಸು ಇದ್ದಾಳೆ, ಹುಟ್ಟು ಕಿವುಡಿ, ಬಲು ಚುರುಕು. ಹೋದ ವಾರ ಡಾಕ್ಟರು ಅವಳಿಗೆ ಎರಡು ಬಗೆಯ ಮಾತ್ರೆ ಕೊಟ್ಟು, ಎರಡನ್ನೂ ಒಟ್ಟಿಗೆ ತೆಗೆದುಕೊಳ್ಳಬಾರದೆಂದು ಮೇಷ್ಟ್ರ ಮೂಲಕ ಹೇಳಿದರು. ಅವಳು ಹೂಂ ಎಂದು ತಲೆಯಾಡಿಸಿದಳು. ಆಫೀಸಿನಲ್ಲಿ ಉಸ್ತುವಾರಿಗೆ ಕೂತ ನನ್ನ ಪರದೆಯಲ್ಲಿ ಇಬ್ಬರೂ ಕನ್ನಡಿಯಲ್ಲಿ ಕಂಡಷ್ಟು ಸ್ಪಷ್ಟ. ಕರೆ ಮುಗಿಯಿತು. ಮರುದಿನ ಅವಳು ಎರಡೂ ಪಟ್ಟಿಗಳನ್ನು ಹಿಡಿದುಕೊಂಡು ನಮ್ಮ ಆಫೀಸಿನ ಮೆಟ್ಟಿಲು ಹತ್ತಿ ಬಂದಳು. ಇದನ್ನು ಹೇಗೆ ನುಂಗಬೇಕು ಎಂದು ಕೈಯಲ್ಲಿ ಕೇಳಿದಳು.

‘ನಿನ್ನೆ ಮೇಷ್ಟ್ರು ಹೇಳಿದ್ರಲ್ಲ?’

‘ಮೇಷ್ಟ್ರ ಕೈ ಅರ್ಧಕ್ಕೇ ನಿಂತುಬಿಟ್ಟಿತ್ತು. ಆಮೇಲೆ ಎಲ್ಲಿಗೋ ಹಾರಿತ್ತು.’

‘ಮತ್ತೆ ಹೂಂ ಅಂದ್ರಲ್ಲ?’

‘ಡಾಕ್ಟರು ಕಾಯ್ತಾ ಇದ್ರು. ನರ್ಸ್ ಬಾಗಿಲ ಹತ್ರ ನಿಂತಿದ್ರು. ಎಲ್ರೂ ನನ್ನ ಮುಖಾನೇ ನೋಡ್ತಿದ್ರು.’

ಅವಳು ಮಾತ್ರೆ ನುಂಗದೆ ಬಂದಿದ್ದಳು, ಸದ್ಯ. ನಾನು ಡಾಕ್ಟರಿಗೆ ಫೋನ್ ಮಾಡಿ ಕೇಳಿ, ಅವಳಿಗೆ ಎರಡು ಸಲ ಹೇಳಿ ಕಳಿಸಿದೆ. ಆಮೇಲೆ ಟೈಯವನ ಕಾಗದ ತೆಗೆದು ಮೊದಲಿನಿಂದ ಓದಿದೆ.

ಅಪ್ಪ, ನಾನು ಆ ಲೈನನ್ನು ಕಿವಿಯಲ್ಲಿ ಪರೀಕ್ಷೆ ಮಾಡಿದ್ದೆ. ಕೇಳಿಸ್ತಾ, ಕೇಳಿಸ್ತು ಎಂದು. ನಿಮ್ಮಿಬ್ಬರ ಮನೆಯಲ್ಲಿ ಬೆಳೆದವಳು, ಅಕ್ಷರಕ್ಕಿಂತ ಮೊದಲು ಸನ್ನೆ ಕಲಿತವಳು, ಕಿವುಡರಿಗೆಂದು ಲೈನ್ ಕೊಳ್ಳಲು ಹೋಗಿ ಕೈ ಕಾಣಿಸುತ್ತದೋ ಇಲ್ಲವೋ ಎಂದು ನೋಡಲೇ ಇಲ್ಲ. ದಾರಿ ಇಕ್ಕಟ್ಟಾದರೆ ನಮ್ಮ ಯಂತ್ರ ಮೊದಲು ಮಾತನ್ನು ಉಳಿಸಿಕೊಂಡು ಚಿತ್ರವನ್ನು ಕೈಬಿಡುತ್ತದೆ. ಟೈಯವನ ದೊಡ್ಡ ಅಂಕಿಯೆಲ್ಲ ಆಫೀಸಿಗೆ ಬರುವ ದಾರಿಯದು. ಆಫೀಸಿನಿಂದ ಹೊರಗೆ ಹೋಗುವ ದಾರಿ ಹಳೆಯ ಓಣಿಯಷ್ಟೇ ಅಗಲ. ಐದೂ ಜನ ಒಟ್ಟಿಗೆ ಕೆಲಸಕ್ಕೆ ಕೂತರೆ ಆ ಓಣಿಯಲ್ಲಿ ಯಾರೂ ಮುಂದೆ ಹೋಗಲಾರರು. ಒಳಗಿರುವ ನಮಗೆ ಹೊರಗಿನವರು ಚೆನ್ನಾಗಿ ಕಾಣುತ್ತಾರೆ, ಹೊರಗಿನವರಿಗೆ ನಾವು ಕಾಣುವುದಿಲ್ಲ. ಹಳೆಯ ಲೈನಿನ ರೋಗವೂ ಇದೇ ಆಗಿತ್ತು.

ಹಾಗಾದರೆ ಭಾನುವಾರಗಳಲ್ಲಿ ನೀನು ನನಗೆ ಅಷ್ಟು ಚೆನ್ನಾಗಿ ಕಾಣುತ್ತಿದ್ದಾಗ, ನಿನಗೆ ನಾನು ಹೇಗೆ ಕಾಣುತ್ತಿದ್ದೆ?

ನಿಜ ಹೇಳು. ಆ ಕೊನೆಯ ಭಾನುವಾರ ನಾನು ಏನು ಹೇಳಿದೆ?

ನಿನ್ನ ಮಗಳು

ಮೇ ೧೬

ಕಿವಿಗೆ,

ಗೊತ್ತಿಲ್ಲ.

ನೀನು ಕೈ ಎದೆಯ ಹತ್ತಿರ ತಂದೆ, ಅಲ್ಲೇ ನಿಂತುಹೋಯಿತು. ಬಹಳ ಹೊತ್ತು ಹಾಗೇ ಇದ್ದೆ, ಗೋಡೆಗೆ ತೂಗುಹಾಕಿದ ಪಟದ ಹಾಗೆ. ಮತ್ತೆ ಅಲುಗಿದಾಗ ನಗುತ್ತಿದ್ದೆ, ಕಣ್ಣಲ್ಲಿ ನೀರಿತ್ತು. ನೀನು ನಗುತ್ತಿದ್ದೀಯ ಎಂದ ಮೇಲೆ ಒಳ್ಳೆಯ ವಿಷಯವೇ ಇರಬೇಕೆಂದು ಹೂಂ ಎಂದೆ. ಮಾರ್ಚಿನಲ್ಲಿ ನೀನು ಸಹಿ ಎಂದು ಬರೆದೆ, ಮನೆಯ ವ್ಯವಹಾರ ಎಂದುಕೊಂಡೆ. ಆಮೇಲೆ ಬಣ್ಣ, ಕಿಟಕಿಯ ಸರಳು ಎಂದೆ, ಬಾಡಿಗೆ ಎಂದುಕೊಂಡೆ.

ಆ ಒಂದು ದಿನ ಮಾತ್ರವಲ್ಲ. ಸುಮಾರು ಒಂದು ವರ್ಷದಿಂದ ನಾನು ಭಾನುವಾರಗಳಲ್ಲಿ ಕೋಲೆಬಸವನ ಹಾಗೆ ತಲೆಯಾಡಿಸುತ್ತಲೇ ಇದ್ದೇನೆ. ಕಾಣುತ್ತಿಲ್ಲ ಎಂದರೆ ನೀನು ಯಂತ್ರ ಬಿಚ್ಚಿ, ತಂತಿ ಎಳೆದು, ಸಿಕ್ಕ ಒಂದು ಗಂಟೆಯೂ ಅದರಲ್ಲೇ ಕಳೆದುಹೋಗುತ್ತಿತ್ತು. ನಿಂತ ಪಟವಾದರೂ ನಿನ್ನ ಮುಖ ಕಾಣುತ್ತಿತ್ತಲ್ಲ, ನನಗೆ ಅಷ್ಟು ಸಾಕಾಗಿತ್ತು.

ಆ ದರ್ಜಿ ಹೆಂಗಸನ್ನು ಬಯ್ಯಬೇಡ. ನಮ್ಮಲ್ಲಿ ಎಲ್ಲರೂ ಹೂಂ ಅನ್ನುತ್ತೇವೆ.

ಈಗ ಹೇಳು, ಏನದು?

ನಿನ್ನ ಅಪ್ಪ

ಮೇ ೨೩

ಅಪ್ಪನಿಗೆ,

ನಿನ್ನ ಕಾಗದ ಓದಿ ಅತ್ತೆ. ಒಂದು ವರ್ಷ ನಾನು ನಿನಗೆ ಹೇಳಿದ್ದೆಲ್ಲ ಎಲ್ಲಿ ಹೋಯಿತು ಅಪ್ಪ? ಅಮ್ಮನ ಕನಸು ಬಿದ್ದದ್ದು, ಇವರ ಜೊತೆ ಜಗಳವಾದದ್ದು, ಎಲ್ಲ ಹೇಳಿ ಹಗುರಾಗಿ ಮನೆಗೆ ಹೋಗುತ್ತಿದ್ದೆ. ಸಿಟ್ಟೂ ಬಂತು. ಒಂದು ಸಲ, ಒಂದೇ ಒಂದು ಸಲ, ‘ಕಾಣ್ತಿಲ್ಲ, ಮತ್ತೆ ಹೇಳು’ ಎನ್ನಬಾರದಿತ್ತೇ?

ಕೈಯಲ್ಲೇ ಹೇಳುವ ಹಟ ಬಿಟ್ಟು ಬರೆಯುತ್ತಿದ್ದೇನೆ, ಕೂತು ಓದು. ನಾವು ಒಂದು ಮಗುವನ್ನು ಮನೆಗೆ ತರುತ್ತಿದ್ದೇವೆ. ಆರು ವರ್ಷದ ಹುಡುಗಿ. ಕಿವುಡಿ. ಅನಾಥ ಮಕ್ಕಳ ಆಶ್ರಯಧಾಮದಲ್ಲಿದ್ದಾಳೆ. ಅಲ್ಲಿ ಯಾರಿಗೂ ಸನ್ನೆ ಬರುವುದಿಲ್ಲವೆಂದು ವಾರಕ್ಕೊಮ್ಮೆ ನಮ್ಮ ಆಫೀಸಿನಿಂದ ಪರದೆಯಲ್ಲಿ ಪಾಠ ಹೇಳಿಕೊಡುತ್ತೇವೆ. ನನ್ನ ಸರದಿಯ ದಿನ ಅವಳು ಪರದೆಗೆ ಮೂಗು ಒತ್ತಿಕೊಂಡು ಕೂತಿದ್ದಳು. ಅಂದಿನಿಂದ ಬೇರೆಯವರ ಸರದಿಯನ್ನೂ ನಾನೇ ತೆಗೆದುಕೊಂಡೆ. ಇವರನ್ನೂ ಕರೆದು ಕೂರಿಸಿದೆ. ಅವರೂ ಅವಳ ಮೋಡಿಗೆ ಬಿದ್ದರು.

ಅವಳು ಎಲ್ಲದಕ್ಕೂ ಹೂಂ ಎನ್ನುತ್ತಾಳೆ. ಹಸಿವಾಯಿತಾ, ಹೂಂ. ಹೊಟ್ಟೆ ತುಂಬಿತಾ, ಹೂಂ. ನನ್ನ ಜೊತೆ ಬರುತ್ತೀಯಾ ಎಂದು ಕೇಳಿದಾಗಲೂ ಹೂಂ ಎಂದಳು. ನಾನು ಕುಣಿದಾಡಿದೆ. ಈಗ ಆ ಹೂಂ ನೆನೆದರೆ ಭಯವಾಗುತ್ತದೆ. ನಿನ್ನದೂ ಅವಳದೂ ಒಂದೇ ಹೂಂ ಇರಬಹುದೇ ಎಂದು.

ನಿನ್ನನ್ನು ಆ ಭಾನುವಾರ ಕೇಳಿದ್ದು ಎರಡು. ಅವಳು ಬರಬಹುದಾ? ಅವಳಿಗೆ ಸನ್ನೆಯ ಹೆಸರು ನೀನು ಇಡುತ್ತೀಯಾ? ಶಾಲೆಯ ಪಟ್ಟಿಯಲ್ಲಿ ಅವಳಿಗೊಂದು ಹೆಸರಿದೆ, ಆದರೆ ಅದನ್ನು ಯಾರು ಕೂಗಿದರೂ ಅವಳಿಗೆ ತಿಳಿಯುವುದಿಲ್ಲ. ಸನ್ನೆಯ ಹೆಸರನ್ನು ಕಿವುಡರೇ ಇಡಬೇಕು. ನಾನು ಇಟ್ಟರೆ ಅದು ಹೆಸರಾಗುವುದಿಲ್ಲ, ಅದು ನಿನಗೇ ಗೊತ್ತು. ಕಾಗದಪತ್ರ ಮುಗಿಯುವ ತನಕ ಅವಳನ್ನು ಪರದೆಯಲ್ಲಿ ಮಾತ್ರ ನೋಡಲು ಬಿಡುತ್ತಾರೆ.

ಆದ್ದರಿಂದ ಆ ಲೈನ್ ನನಗೆ ಈಗ ಬರೀ ಆಫೀಸಿನ ಕೆಲಸವಲ್ಲ. ಟೈಯವನ ಪೆಟ್ಟಿಗೆ ವಾಪಸ್ಸು ಕೊಡುತ್ತೇನೆ ಎಂದು ಯಜಮಾನರಿಗೆ ಹೇಳಿದೆ. ಅವರು ಕುಣಿದರು. ಕುಣಿಯಲಿ. ಮತ್ತೆ ಪರೀಕ್ಷೆ ಮಾಡುತ್ತೇನೆ, ಈ ಸಲ ಕಣ್ಣಿನಲ್ಲಿ, ಐದೂ ಜನರನ್ನು ಒಟ್ಟಿಗೆ ಕೂರಿಸಿ.

ನಿನ್ನ ಮಗಳು

ಜೂನ್ ೨

ಕಿವಿಗೆ,

ನಿನ್ನ ಕಾಗದವನ್ನು ಮೊದಲು ಮಡಿಸಿ ಇಟ್ಟೆ. ಸಿಟ್ಟು ಬಂದಿತ್ತು. ಮನೆಗೆ ಮಗು ಬರುವ ಮಾತಿಗೆ ನಾನು ಹೂಂ ಎಂದುಬಿಟ್ಟಿದ್ದೇನೆ, ನನಗೇ ಗೊತ್ತಿಲ್ಲದೆ. ನಾನು ಬೇಡ ಅನ್ನುವವನಾಗಿದ್ದರೆ ಏನು ಮಾಡುತ್ತಿದ್ದೆ? ಗೋಂದು ನನ್ನ ಮುಖ ನೋಡಿ ಕೇರಂ ಬೋರ್ಡನ್ನು ಗೋಡೆಗೆ ಒರಗಿಸಿ ಮನೆಗೆ ಹೋದ. ಅವನು ತಾನಾಗಿ ಎದ್ದು ಹೋದದ್ದು ಅದೇ ಮೊದಲು.

ಎರಡನೇ ದಿನ ಮತ್ತೆ ಓದಿದೆ. ಪರದೆಗೆ ಮೂಗು ಒತ್ತಿಕೊಂಡ ಜಾಗದಲ್ಲಿ ನಿಂತೆ.

ನನಗೆ ಆರು ವರ್ಷವಾಗಿದ್ದಾಗ ಶಾಲೆಯಲ್ಲಿ ಸನ್ನೆ ಮಾಡಿದರೆ ಕೈಗೆ ಪೆಟ್ಟು. ಅಲ್ಲಿನ ಮೇಷ್ಟ್ರು ತುಟಿ ಆಡಿಸುತ್ತಿದ್ದರು, ನಾನು ತಲೆ ಆಡಿಸುತ್ತಿದ್ದೆ. ಅವರಿಗೂ ಸಮಾಧಾನ, ನನಗೂ ಪೆಟ್ಟಿಲ್ಲ. ಹೂಂ ಎನ್ನುವುದು ಅಲ್ಲಿ ಹತ್ತಿದ ಚಟ. ನಿನ್ನ ಅಮ್ಮನ ಮುಂದೆ ಮಾತ್ರ ಅದು ನಡೆಯುತ್ತಿರಲಿಲ್ಲ, ನಾನು ಸುಮ್ಮನೆ ತಲೆಯಾಡಿಸಿದರೆ ಗಲ್ಲ ಹಿಡಿದು ನಿಲ್ಲಿಸಿ, ಏನು ಹೇಳಿದೆ ಹೇಳು ಎನ್ನುತ್ತಿದ್ದಳು. ಅವಳು ಹೋದ ಮೇಲೆ ಮತ್ತೆ ಶುರುವಾಯಿತು.

ಹುಡುಗಿ ಬರಲಿ. ಇದು ನೋಡಿ, ಓದಿ, ಅರ್ಥಮಾಡಿಕೊಂಡು ಹೇಳಿದ ಹೂಂ.

ಆದರೆ ಹೆಸರಿಗೆ ಅವಸರ ಮಾಡಬೇಡ. ಫೋಟೋ ಕಳಿಸಬೇಡ. ಫೋಟೋ ನೋಡಿ ಹೆಸರಿಟ್ಟರೆ ಜಡೆಯದ್ದೋ ಮಚ್ಚೆಯದ್ದೋ ಹೆಸರಾಗುತ್ತದೆ. ಅವಳು ಹೇಗೆ ಕೂರುತ್ತಾಳೆ, ಹೇಗೆ ಮುನಿಸಿಕೊಳ್ಳುತ್ತಾಳೆ, ಹೇಗೆ ಸುಳ್ಳು ಹೇಳುತ್ತಾಳೆ ನೋಡಬೇಕು. ಅದಕ್ಕೆ ಕೈ ನಿಲ್ಲದ ಲೈನ್ ಬೇಕು. ನಿನ್ನ ಯಜಮಾನ ಒಪ್ಪದಿದ್ದರೆ ನನಗೆ ಬರಿ, ಮಂಡಿ ಹಿಡಿದುಕೊಂಡಾದರೂ ಬಂದು ಅವನ ಮುಂದೆ ಕೂರುತ್ತೇನೆ.

ನಿನ್ನ ಅಪ್ಪ

ಜೂನ್ ೨೨

ಅಪ್ಪನಿಗೆ,

ನೀನು ಬರಬೇಕಾಗಿಲ್ಲ. ಯಜಮಾನರು ಒಪ್ಪಿದರು. ಹೇಗೆ ಎಂದು ಬರೆಯದಿದ್ದರೆ ನನಗೆ ನಿದ್ದೆ ಬರುವುದಿಲ್ಲ.

ಲೈನ್ ಆರಿಸುವವರು ಕಿವಿ ಕೇಳುವವರಾಗಬಾರದು ಎಂದು ಮೊದಲೇ ತೀರ್ಮಾನ ಮಾಡಿದೆ. ಆ ದರ್ಜಿ ಹೆಂಗಸನ್ನು ಕರೆಸಿದೆ. ನಮ್ಮ ಕಟ್ಟಡದ ಕೆಳಗೆ ಔಷಧಿ ಅಂಗಡಿಯಿದೆ. ಅಂಗಡಿಯವರ ಬೆಂಚಿನ ಮೇಲೆ, ಅವರದೇ ನೆಟ್ಟಿನಲ್ಲಿ, ಅವಳ ಮುಂದೆ ಒಂದು ಪರದೆ ಇಟ್ಟೆ. ಚಿತ್ರ ನಿಂತಾಗೆಲ್ಲ ಕೈ ಎತ್ತು ಎಂದೆ. ಯಜಮಾನರು ಪಕ್ಕದಲ್ಲಿ ಕೂತರು, ಆಸ್ಪತ್ರೆಯ ಅಧಿಕಾರಿಯೂ ಬಂದಿದ್ದರು. ಬೆಳಗಿನ ಜೋರು ಹೊತ್ತಿನಲ್ಲಿ ಐದೂ ಜನ ಒಟ್ಟಿಗೆ ಕರೆ ಹಿಡಿದರು. ಮೊದಲು ಟೈಯವನ ಲೈನ್. ಮೇಷ್ಟ್ರು ಬಾಯಲ್ಲೂ ಹೇಳುತ್ತ ಕೈಯಲ್ಲೂ ಮಾಡುತ್ತಿದ್ದರು.

‘ಎಲ್ಲ ಚೆನ್ನಾಗೇ ಕೇಳಿಸ್ತಿದೆಯಲ್ಲಮ್ಮ’ ಎಂದರು ಯಜಮಾನರು.

‘ಸರ್, ಈಗ ಸದ್ದು ಬಂದ್ ಮಾಡ್ತೀನಿ. ಮೇಷ್ಟ್ರು ಏನ್ ಮಾಡ್ತಿದ್ದಾರೆ, ನೀವೇ ಹೇಳಿ.’

‘ಕೈ ಮೇಲೆತ್ತಿದ್ದಾರೆ.’

‘ಈಗ?’

‘ಇನ್ನೂ ಎತ್ಕೊಂಡೇ ಇದ್ದಾರೆ.’

ಅಷ್ಟರಲ್ಲಿ ಮೇಷ್ಟ್ರು ಆ ಮಾತು ಮುಗಿಸಿ, ನೀರು ಕುಡಿದು, ಮುಂದಿನದಕ್ಕೆ ಹೋಗಿದ್ದರಂತೆ. ದರ್ಜಿ ಹೆಂಗಸು ಕೈ ಇಳಿಸಿದ್ದಕ್ಕಿಂತ ಎತ್ತಿದ್ದೇ ಹೆಚ್ಚು. ಕೊನೆಗೆ ತೋಳು ನೋಯುತ್ತದೆ ಎಂದು ಎಡಗೈ ಎತ್ತಿದಳು. ಔಷಧಿ ಅಂಗಡಿಯವರು ಗಿರಾಕಿಗಳನ್ನು ಬಿಟ್ಟು ಬಂದು ನಿಂತು ನೋಡುತ್ತಿದ್ದರು.

ಆ ಮಾತು ಕಡಿಮೆಯ ಹೆಂಗಸಿನ ಲೈನ್ ನಮ್ಮಲ್ಲಿ ಇನ್ನೂ ಇಲ್ಲ. ಆದರೆ ಎದುರು ಕಟ್ಟಡದ ಲೆಕ್ಕಪತ್ರದವರ ಆಫೀಸಿನಲ್ಲಿ ಅದೇ ಕಂಪನಿಯದು ಇದೆ. ಅವರ ಕೈಕಾಲು ಹಿಡಿದು ಒಂದು ಗಂಟೆಯ ಮಟ್ಟಿಗೆ ಅದನ್ನು ಬಿಟ್ಟುಕೊಡಿ ಎಂದು ಕೇಳಿಕೊಂಡಿದ್ದೆ. ನಮ್ಮ ಯಂತ್ರವನ್ನು ಹೊದಿಕೆಯಲ್ಲಿ ಸುತ್ತಿ, ನಾನೂ ಇವರೂ ಕೂಸನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ರಸ್ತೆ ದಾಟಿದೆವು. ಐದೂ ಜನ ಮತ್ತೆ ಕರೆ ಹಿಡಿದರು. ದರ್ಜಿ ಹೆಂಗಸು ಕೈಯನ್ನು ಮಡಿಲಲ್ಲಿಟ್ಟುಕೊಂಡಳು. ಅದು ಮಡಿಲಲ್ಲೇ ಇತ್ತು. ಸ್ವಲ್ಪ ಹೊತ್ತಿಗೆ ಅವಳು ಪರೀಕ್ಷೆಯನ್ನೇ ಮರೆತು ಮೇಷ್ಟ್ರ ಜೊತೆ ಹರಟೆಗೆ ಇಳಿದಳು. ಒಂದು ಸಲ ಅವರನ್ನು ತಡೆದು ‘ಅದು ಅರ್ಥ ಆಗ್ಲಿಲ್ಲ, ಮತ್ತೆ ಮಾಡಿ’ ಎಂದಳು. ಲೈನಿನ ತಪ್ಪಲ್ಲ, ಮೇಷ್ಟ್ರು ಹಳೆಯ ಕಾಲದ ಸನ್ನೆ ಮಾಡಿದ್ದರು.

ಆಸ್ಪತ್ರೆಯ ಅಧಿಕಾರಿ ಎದ್ದು ಯಜಮಾನರಿಗೆ ‘ಇದನ್ನ ಹಾಕ್ಸಿ, ಜುಲೈ ತನಕ ಕಾಯ್ತೀವಿ’ ಎಂದರು. ಯಜಮಾನರು ದರ ನೋಡಿ ನಿಟ್ಟುಸಿರು ಬಿಟ್ಟರು. ‘ಆಯ್ತಮ್ಮ, ಹಾಕ್ಸು. ಎಲ್ರೂ ಮನೇಲೇ ಇರ್ಲಿ’ ಎಂದರು.

ಈಗ ಫುಟ್‌ಪಾತ್ ಅಗೆಯುತ್ತಿದ್ದಾರೆ. ಔಷಧಿ ಅಂಗಡಿಯವರು ‘ನನ್ನ ಗಿರಾಕಿಗಳು ಹಾರ್ಕೊಂಡು ಬರ್ಬೇಕಾ?’ ಎಂದು ಗೊಣಗುತ್ತಲೇ ತಾವೇ ಹಲಗೆ ತಂದು ಹಾಕಿದ್ದಾರೆ. ನಾನು ದಿನಾ ಆ ಹಲಗೆಯ ಮೇಲೆ ನಿಂತು ಗುಂಡಿಯನ್ನು ಇಣುಕುತ್ತೇನೆ.

ನಿನ್ನ ಮಗಳು

ಜುಲೈ ೧೦

ಅಪ್ಪನಿಗೆ,

ಲೈನ್ ಬಂತು. ವಾರವಿಡೀ ಒಂದು ಕೈಯೂ ನಿಂತಿಲ್ಲ. ಅವಳಿಗಳ ಅಮ್ಮ ಸಂತೋಷಕ್ಕೆ ಮಕ್ಕಳಿಂದ ನನಗೆ ಚಿತ್ರ ಬರೆಸಿ ಕಳಿಸಿದ್ದಾಳೆ. ಅದರಲ್ಲಿ ನನಗೆ ಆರು ಬೆರಳು.

ಬರುವ ಭಾನುವಾರ ಬೆಳಿಗ್ಗೆ ಸಂಘದ ಟೀವಿ ಮುಂದೆ ಕೂತಿರು. ಅವಳು ಆಶ್ರಯಧಾಮದಿಂದ ಬರುತ್ತಾಳೆ, ನೀನು ಸಂಘದಿಂದ, ನಡುವೆ ನಮ್ಮ ಆಫೀಸಿನ ಯಂತ್ರ. ಯಂತ್ರ ಮಾತ್ರ. ನಾನು ಇರುವುದಿಲ್ಲ, ಹೊರಗೆ ಮೆಟ್ಟಿಲ ಮೇಲೆ ಕೂತಿರುತ್ತೇನೆ. ನಾನು ಒಳಗಿದ್ದರೆ ಅವಳದು ನಿನಗೆ, ನಿನ್ನದು ಅವಳಿಗೆ ತಿಳಿಸುತ್ತ ನಡುವೆ ನಿಂತುಬಿಡುತ್ತೇನೆ. ನಾಲ್ಕು ವರ್ಷದವಳಿದ್ದಾಗಿಂದ ಅದನ್ನೇ ಮಾಡಿದ್ದೇನೆ, ಕೈ ಕಟ್ಟಿ ಕೂರಲು ನನಗೆ ಬರುವುದಿಲ್ಲ. ಈ ಒಂದು ಸಲ ನಿಮ್ಮ ನಡುವೆ ಯಾರೂ ಬೇಡ.

ಏನಾಯಿತು ಎಂದು ಬರಿ. ಒಂದನ್ನೂ ಬಿಡದೆ ಬರಿ.

ನಿನ್ನ ಮಗಳು

ಜುಲೈ ೧೫

ಕಿವಿಗೆ,

ಬೆಳಿಗ್ಗೆ ಬೇಗ ಹೋಗಿ ಸಂಘದಲ್ಲಿದ್ದವರನ್ನೆಲ್ಲ ಹೊರಗೆ ಕಳಿಸಿದೆ. ಗೋಂದು ಮಾತ್ರ ಏಳಲಿಲ್ಲ. ಪರದೆಗೆ ಬೆನ್ನು ಹಾಕಿ ಕೂರುವುದಾದರೆ ಇರು ಎಂದೆ. ಹಾಗೇ ಕೂತ.

ಪರದೆ ಬೆಳಗಿತು. ಮೊದಲು ಕಂಡದ್ದು ಮೂಗು. ನೀನು ಬರೆದದ್ದು ಸುಳ್ಳಲ್ಲ. ನಾನು ಹಿಂದೆ ಸರಿ ಎಂದೆ. ಹೂಂ ಎಂದಳು, ಸರಿಯಲಿಲ್ಲ. ನಾನು ನಿನ್ನ ತಾತ ಎಂದೆ, ಹೂಂ. ತಿಂಡಿ ಆಯಿತಾ, ಹೂಂ. ಕಣ್ಣು ಮಾತ್ರ ನನ್ನ ಮುಖದ ಮೇಲೆ, ನಾನು ಯಾವಾಗ ಸಮಾಧಾನ ಆಗುತ್ತೇನೆ ಎಂದು ಕಾಯುತ್ತಿತ್ತು. ಆ ನೋಟ ನನಗೆ ಗೊತ್ತು ಮಗಳೇ. ಅರವತ್ತು ವರ್ಷ ನಾನೂ ಹಾಗೇ ನೋಡಿದ್ದೇನೆ.

ಆಗ ಕೇಳಿದೆ: ನಿನ್ನೆ ನಿನ್ನ ಮೂಗು ಓಡಿಹೋಯಿತಂತೆ, ನಿಜವಾ? ಹೂಂ. ಹಾಗಾದರೆ ಈಗ ನಿನ್ನ ಮುಖದ ಮೇಲಿರುವುದು ನನ್ನ ಮೂಗಾ? ಹೂಂ. ನನ್ನ ಮೂಗು ವಾಪಸ್ಸು ಕೊಡು ಎಂದು ಕೈ ಚಾಚಿದೆ. ಅವಳ ತಲೆ ಅರ್ಧ ಆಡಿ ನಿಂತಿತು. ಲೈನ್ ನಿಂತಿತೇನೋ ಎಂದು ಪರದೆಯ ಹತ್ತಿರಕ್ಕೆ ಬಗ್ಗಿದೆ. ಲೈನಲ್ಲ, ಅವಳೇ ನಿಂತಿದ್ದಳು. ರೆಪ್ಪೆ ಬಡಿಯುವುದು ಕಾಣುತ್ತಿತ್ತು.

ನಾನು ನನ್ನ ಎದೆ ತೋರಿಸಿ, ‘ಅರ್ಥ ಆಗಲಿಲ್ಲ’ ಎನ್ನುವ ಸನ್ನೆ ಮಾಡಿದೆ. ಆಮೇಲೆ ‘ಮತ್ತೆ ಹೇಳು’. ಎರಡನ್ನೂ ಮೆಲ್ಲಗೆ, ಪ್ರೆಸ್ಸಿನಲ್ಲಿ ಹೊಸಬರಿಗೆ ಮೊಳೆ ಹಿಡಿಯಲು ಕಲಿಸುತ್ತಿದ್ದ ಹಾಗೆ. ಇದನ್ನು ಮಾಡಿದರೆ ಯಾರೂ ಹೊಡೆಯುವುದಿಲ್ಲ ಎಂದೂ ಹೇಳಿದೆ. ಅವಳು ತನ್ನ ಕೈ ನೋಡಿಕೊಂಡಳು. ಮಾಡಿದಳು. ಮತ್ತೊಮ್ಮೆ ಮಾಡಿದಳು. ನಾನು ಮೂಗಿನ ಕಥೆಯನ್ನು ಮೊದಲಿನಿಂದ ಹೇಳಿದೆ. ಪೂರ್ತಿ ನೋಡಿದಳು. ತನ್ನ ಮೂಗನ್ನು ಗಟ್ಟಿಯಾಗಿ ಹಿಡಿದುಕೊಂಡು, ತಲೆಯನ್ನು ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ಜಡೆ ಹಾರುವ ಹಾಗೆ ಅಲ್ಲಾಡಿಸಿದಳು. ಇಲ್ಲ. ಇದು ನನ್ನದು. ಕೊಡಲ್ಲ.

ನನಗೆ ಅಳು ಬಂತು. ನಕ್ಕೆ ಕೂಡ. ಗೋಂದು ನೆಲ ಅದುರಿದ್ದಕ್ಕೆ ತಿರುಗಿ ನೋಡಿದ, ನಾನು ಕಾಲು ಬಡಿಯುತ್ತಿದ್ದೆನಂತೆ. ಅವನ ಮೇಲೆ ರೇಗಲಿಲ್ಲ.

ಆಮೇಲೆ ಕೇಳಬೇಕಾದದ್ದನ್ನು ಕೇಳಿದೆ. ನನ್ನ ಮಗಳ ಮನೆಗೆ ಹೋಗುತ್ತೀಯಾ? ಹೂಂ ಎನ್ನಲಿಲ್ಲ. ‘ಅರ್ಥ ಆಗಲಿಲ್ಲ, ಮತ್ತೆ ಹೇಳು’ ಎಂದಳು. ಮತ್ತೆ ಹೇಳಿದೆ: ಹಸಿರು ಕೋಣೆ, ನಿನ್ನ ಹಾಸಿಗೆ, ಅಲ್ಲಿ ಇಬ್ಬರಿದ್ದಾರೆ, ದಿನಾ ಇರುತ್ತಾರೆ. ಇನ್ನೊಂದು ಸಲ ಕೇಳಿದಳು, ಇನ್ನೊಂದು ಸಲ ಹೇಳಿದೆ. ಎಷ್ಟು ಸಲ ಎಂದು ಲೆಕ್ಕ ಇಡಲಿಲ್ಲ. ಕೊನೆಗೆ ಅವಳೇ ಒಂದು ಪ್ರಶ್ನೆ ಕೇಳಿದಳು: ಅಲ್ಲಿ ನಿನ್ನನ್ನು ನೋಡಬಹುದಾ? ಭಾನುವಾರ ಎಂದೆ. ಆಗ ಹೂಂ ಎಂದಳು. ಈ ಹೂಂ ಬೇರೆ. ನನ್ನ ಮುಖ ನೋಡದೆ ಹೇಳಿದಳು, ಯೋಚನೆ ಮಾಡುತ್ತ. ಅದನ್ನು ನೀನು ನಂಬಬಹುದು.

ಹೆಸರು ಇಟ್ಟೆ. ಅವಳಿಗೆ ಹಿಡಿಸಿತು, ಪರದೆ ಆರುವ ತನಕ ಅದನ್ನೇ ಮಾಡಿಕೊಳ್ಳುತ್ತಿದ್ದಳು. ಏನದು ಎಂದು ನನ್ನನ್ನು ಕೇಳಬೇಡ, ಕಾಗದದ ಮೇಲೆ ಬೋಳಾಗುತ್ತದೆ. ಅವಳನ್ನೇ ಕೇಳು. ಅವಳ ಬೆರಳು ಸಣ್ಣದು, ಬಹಳ ಬೇಗ ಮಾಡುತ್ತಾಳೆ, ಮೊದಲ ಸಲಕ್ಕೆ ನಿನಗೆ ತಿಳಿಯದೇ ಹೋಗಬಹುದು.

ತಿಳಿಯದಿದ್ದರೆ ಹೂಂ ಅನ್ನಬೇಡ. ಮತ್ತೆ ಹೇಳು ಅನ್ನು. ಹೇಳುತ್ತಾಳೆ.

ಅವಳ ತಾತ